ಟ್ಯೂಬ್ ಆಂಪ್ಲಿಫೈಯರೂ ನನ್ನ ಕಿವಿಯ ಪರೀಕ್ಷೆಯೂ

ಸಂಗೀತದ ವಿಷಯದಲ್ಲಿ ನಾನು ನನ್ನ ಕಿವಿಯನ್ನು ಎಂದೂ ಅನುಮಾನಿಸಿದವನಲ್ಲ. ದೊಡ್ಡಬಳ್ಳಾಪುರದ ಒಂದು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವುದು ನನ್ನ ಹೊಟ್ಟೆಪಾಡು. ಮದುವೆಯ ಆರತಕ್ಷತೆಗಳಲ್ಲಿ ಗೆಳೆಯರ ಆರ್ಕೆಸ್ಟ್ರಾ ಜೊತೆ ಗಿಟಾರ್ ಬಾರಿಸುವುದು ನನ್ನ ನಿಜವಾದ ಬದುಕು. ಇಪ್ಪತ್ತೈದು ವರ್ಷ ಬಾರಿಸಿದವನಿಗೆ ಒಳ್ಳೆಯ ಧ್ವನಿ ಯಾವುದು, ಕೆಟ್ಟದ್ದು ಯಾವುದು ಎಂದು ಗೊತ್ತಿರುವುದಿಲ್ಲವೇ?

ತೊಂದರೆ ಶುರುವಾದದ್ದು ಮಂಜುನಾಥನಿಂದ. ತೂಬಗೆರೆಯಲ್ಲಿ ಮೆಡಿಕಲ್ ಸ್ಟೋರ್ ಇಟ್ಟಿರುವ ಇವನು ನನ್ನ ಹಳೆಯ ವಿದ್ಯಾರ್ಥಿ. ಗಿಟಾರಿನಲ್ಲಿ ಬೆರಳಿಟ್ಟು ಹಿಡಿಯುವ ಮೊದಲ ಮೂರು ಕಾರ್ಡ್ ಅವನಿಗೆ ಕಲಿಸಿದವನು ನಾನೇ. ಈಗ ನಮ್ಮ ಆರ್ಕೆಸ್ಟ್ರಾದಲ್ಲಿ ಎರಡನೆಯ ಗಿಟಾರ್ ಅವನದು. ಒಂದು ದಿನ ಅವನು ಟಿಫನ್ ಡಬ್ಬಿಯಷ್ಟು ದೊಡ್ಡ ಡಿಜಿಟಲ್ ಪೆಟ್ಟಿಗೆ ತಂದ. ಅದಕ್ಕೇ ಅಂಟಿಕೊಂಡಂತೆ ಒಂದು ಪುಟ್ಟ ಸ್ಪೀಕರ್. ಜಗತ್ತಿನ ಹೆಸರಾಂತ ಆಂಪ್ಲಿಫೈಯರುಗಳೆಲ್ಲ ಹೇಗೆ ಕೂಗುತ್ತವೋ ಹಾಗೆಯೇ ಅದು ಕೂಗಬಲ್ಲದಂತೆ. ಗುಂಡಿ ತಿರುಗಿಸಿದರೆ ಸಾಕು.

ನನಗೆ ಮೈ ಉರಿಯಿತು. ಅದು ನಕಲಿ ಎಂದೆ. ನಿಜವಾದ ಧ್ವನಿ ಬರುವುದು ಟ್ಯೂಬ್ ಆಂಪ್ಲಿಫೈಯರಿನಿಂದ, ಅಂದರೆ ಹಳೆಯ ರೇಡಿಯೋದಲ್ಲಿದ್ದಂತೆ ಕಾದು ಕೆಂಪಗಾಗುವ ಗಾಜಿನ ವಾಲ್ವ್ ಇರುವುದರಿಂದ ಎಂದು ಅರ್ಧ ಗಂಟೆ ಪಾಠ ಮಾಡಿದೆ. ನಾನು ಅದುವರೆಗೆ ಅಂಥದ್ದನ್ನು ಕಣ್ಣಿನಿಂದ ನೋಡಿರಲಿಲ್ಲ ಎಂಬುದು ಬೇರೆ ಮಾತು.

ಅದೇ ವಾರ ಹೊಸದೊಂದು ಟ್ಯೂಬ್ ಆಂಪ್ಲಿಫೈಯರ್ ಮಾರುಕಟ್ಟೆಗೆ ಬಂತು. ಇಂಟರ್ನೆಟ್ಟಿನಲ್ಲಿ ಗಿಟಾರ್ ಬಾರಿಸುವವರೆಲ್ಲ ಅದರ ಬಗ್ಗೆ ಬರೆಯುತ್ತಿದ್ದರು. ಮೊದಲ ಸ್ವರ ಕೇಳಿದಾಗಲೇ ಅತ್ತುಬಿಟ್ಟೆ ಎಂದು ಒಬ್ಬ ಬರೆದಿದ್ದ. ಇದನ್ನು ಕೇಳಿದ ಮೇಲೆ ಡಿಜಿಟಲ್ ಪೆಟ್ಟಿಗೆಯನ್ನು ಬಾಗಿಲು ಮುಚ್ಚದಂತೆ ಅಡ್ಡ ಇಡಲು ಬಳಸುತ್ತಿದ್ದೇನೆ ಎಂದು ಇನ್ನೊಬ್ಬ. ಡಿಜಿಟಲ್ ಕಡೆಯವರು ಸುಮ್ಮನಿರುತ್ತಾರೆಯೇ? ನಿಮ್ಮ ಕಣ್ಣು ಕಟ್ಟಿದರೆ ಎರಡಕ್ಕೂ ವ್ಯತ್ಯಾಸ ಹೇಳಲಾರಿರಿ ಎಂದು ಸವಾಲು ಹಾಕಿದ್ದರು. ಆ ಜಗಳವನ್ನು ಮೂರು ದಿನ ಪೂರ್ತಿ ಓದಿದೆ. ಟೆಸ್ಟ್ ಪೇಪರುಗಳು ತಿದ್ದದೆ ಹಾಗೇ ಉಳಿದವು. ನಾಲ್ಕನೆಯ ದಿನ ಆರ್ಡರ್ ಮಾಡಿದೆ.

ಮನೆಯಲ್ಲಿ ನೆಪಕ್ಕೇನೂ ಕೊರತೆ ಇರಲಿಲ್ಲ. ನನ್ನ ಹೆಂಡತಿ ಪ್ರೇಮಾಳ ಅಣ್ಣನ ಮಗಳ ಮದುವೆ ಗೊತ್ತಾಗಿತ್ತು. ನಮ್ಮ ತಾಲ್ಲೂಕಿನದೇ ಆದ ಮಧುರೆಯಲ್ಲಿ ಆರತಕ್ಷತೆ. ಅಲ್ಲಿ ಎಲ್ಲ ಹಾಡಿಗೂ ಮುಖ್ಯ ಗಿಟಾರ್ ನನ್ನದೇ ಎಂದು ಭಾವನವರಿಗೆ ಮಾತು ಕೊಟ್ಟಿದ್ದೆ. ಹೆಂಡತಿಯ ತವರಿನವರೆಲ್ಲ ಸೇರುವ ಜಾಗದಲ್ಲಿ ನಕಲಿ ಧ್ವನಿ ಹೊರಡಿಸಲು ಆಗುತ್ತದೆಯೇ?

ಪೆಟ್ಟಿಗೆ ಬಂತು. ಮೊದಲ ಆಘಾತ ಅದರ ತೂಕ. ಹೆಂಡತಿಯ ತವರಿನಿಂದ ಬಂದ ಅಕ್ಕಿಮೂಟೆಯನ್ನು ಒಬ್ಬನೇ ಒಳಗೆ ತಂದವನು ನಾನು. ಇದು ಜಗಲಿಯಿಂದ ಅಲ್ಲಾಡಲಿಲ್ಲ. ಪಕ್ಕದ ಮನೆಯ ಚಿಕ್ಕಣ್ಣ, ಆಟೋದವನು, ನಾನು, ಮೂವರೂ ಸೇರಿ ಒಳಗೆ ಸಾಗಿಸಿದೆವು. ಒಳಗೆ ಯಂತ್ರ ಇದೆಯೋ, ಇಲ್ಲ ಅದನ್ನು ಮಾಡಿದವನೇ ಕೂತಿದ್ದಾನೋ ಎಂದು ಚಿಕ್ಕಣ್ಣ ಕೇಳಿದ.

ನಮ್ಮ ಜೊತೆಯಲ್ಲೇ ಇರುವ ಮಾವನವರಿಗೆ ಮಾತ್ರ ಬಹಳ ಸಂತೋಷವಾಯಿತು. ವಾಲ್ವ್ ಕೆಂಪಗಾಗುವುದನ್ನು ನೋಡಿ, ಕುರ್ಚಿ ಎಳೆದುಕೊಂಡು ಎದುರಿಗೇ ಕುಳಿತರು. ಐದು ನಿಮಿಷ ಕಾದು, ವಾರ್ತೆ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಿದರು. ಇದು ರೇಡಿಯೋ ಅಲ್ಲ ಎಂದು ನಾನು ಹೇಳಿದಾಗ ಅವರ ಮುಖದಲ್ಲಿ ಕಂಡ ನಿರಾಸೆಯನ್ನು ಇನ್ನೂ ಮರೆತಿಲ್ಲ.

ಟ್ಯೂಬಿನ ಅಸಲಿ ಗುಣ ಹೊರಬರಬೇಕಾದರೆ ಜೋರಾಗಿ ಬಾರಿಸಬೇಕು ಎಂದು ಓದಿದ್ದೆ. ವಾಲ್ಯೂಮನ್ನು ಏಳಕ್ಕೆ ತಿರುಗಿಸಿ ತಂತಿ ಮೀಟಿದೆ. ಅಡುಗೆಮನೆಯ ಗೂಡಿನಿಂದ ಎರಡು ಸ್ಟೀಲ್ ತಟ್ಟೆ ಕೆಳಗೆ ಬಿದ್ದವು. ಪ್ರೇಮಾ ಸೌಟು ಹಿಡಿದುಕೊಂಡೇ ಬೀದಿಗೆ ಓಡಿದಳು. ಮರುಕ್ಷಣ ಚಿಕ್ಕಣ್ಣ ಬಾಗಿಲಲ್ಲಿ ನಿಂತಿದ್ದ.

ಚಿಕ್ಕಣ್ಣನ ಬಗ್ಗೆ ಒಂದು ಮಾತು ಹೇಳಬೇಕು. ಅವನ ಮನೆಯಲ್ಲಿ ಆರು ಪವರ್ ಲೂಮ್ ಇವೆ. ಬೆಳಗಿನಿಂದ ಸಂಜೆಯವರೆಗೆ ಆ ಮಗ್ಗಗಳು ಬಡಿಯುವ ಸದ್ದಿಗೆ ನಮ್ಮ ಬೀದಿಯವರೆಲ್ಲ ಕೂಗಿಯೇ ಮಾತಾಡುತ್ತೇವೆ. ಮೂವತ್ತು ವರ್ಷ ಆ ಸದ್ದಿನಲ್ಲಿ ಬದುಕಿದ ಮನುಷ್ಯ ನನ್ನ ಮುಂದೆ ಕೈಮುಗಿದು ನಿಂತು ಹೇಳಿದ:

"ಮೇಷ್ಟ್ರೇ, ಸ್ವಲ್ಪ ಸೌಂಡ್ ಕಮ್ಮಿ ಮಾಡ್ಕೊಳ್ಳಿ. ಮಗ್ಗದ ಸದ್ದೇ ಕೇಳಿಸ್ತಿಲ್ಲ."

ನಾನು ಇದನ್ನು ಪ್ರಶಂಸೆ ಎಂದೇ ತಿಳಿದೆ. ಅದೇ ಹುಮ್ಮಸ್ಸಿನಲ್ಲಿ ನಮ್ಮ ಗಿಟಾರ್ ಗೆಳೆಯರ ವಾಟ್ಸಾಪ್ ಗುಂಪಿಗೆ ಒಂದು ಪ್ರಕಟಣೆ ಹೊರಡಿಸಿದೆ: ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಅಸಲಿಗೂ ನಕಲಿಗೂ ಬಹಿರಂಗ ಪರೀಕ್ಷೆ, ನಾನು ಕಣ್ಣು ಮುಚ್ಚಿಕೊಂಡು ಯಾವುದು ಯಾವುದೆಂದು ಹೇಳುತ್ತೇನೆ, ಒಂದೇ ಒಂದು ತಪ್ಪಿದರೂ ಆರತಕ್ಷತೆಯಲ್ಲಿ ಮುಖ್ಯ ಗಿಟಾರ್ ಮಂಜುನಾಥನಿಗೆ.

ಈ ಕೊನೆಯ ವಾಕ್ಯ ಬರೆಯಬೇಕೆಂದು ನನ್ನನ್ನು ಯಾರೂ ಕೇಳಿರಲಿಲ್ಲ.

ಭಾನುವಾರ ಹೊಸಕೋಟೆಯಿಂದ ಒಬ್ಬರು, ದೇವನಹಳ್ಳಿಯಿಂದ ಒಬ್ಬರು ಗಿಟಾರಿಸ್ಟ್ ಗೆಳೆಯರು ಬಂದರು. ಚಿಕ್ಕಣ್ಣ ವಾಲ್ಯೂಮ್ ಏಳಕ್ಕೆ ಹೋಗದಂತೆ ನೋಡಿಕೊಳ್ಳಲು ಬಂದ. ಮಾವನವರು ಮೊದಲೇ ಕುರ್ಚಿಯಲ್ಲಿದ್ದರು. ಹಜಾರಕ್ಕೆ ಅಡ್ಡಲಾಗಿ ಬೆಡ್‌ಶೀಟ್ ಕಟ್ಟಿದೆ. ಅದರ ಹಿಂದೆ ನನ್ನ ಆಂಪ್ಲಿಫೈಯರ್, ಮಂಜುನಾಥನ ಡಬ್ಬಿ, ಗಿಟಾರ್ ಹಿಡಿದ ಮಂಜುನಾಥ. ಪ್ರೇಮಾ ಚೀಟಿ ಎತ್ತಬೇಕು, ಅದರಲ್ಲಿ ಬರೆದ ಪೆಟ್ಟಿಗೆಗೆ ಗಿಟಾರಿನ ವೈರು ಚುಚ್ಚಬೇಕು, ಅವನು ಒಂದೇ ಹಾಡಿನ ಎರಡು ಸಾಲು ಬಾರಿಸಬೇಕು. ಹೀಗೆ ಹತ್ತು ಸಲ. ಪರೀಕ್ಷೆ ಮುಗಿಯುವವರೆಗೆ ಪರದೆಯ ಹಿಂದಿನಿಂದ ಒಂದು ಪಿಸುಮಾತೂ ಬರಕೂಡದು ಎಂದು ಕಾಲೇಜಿನ ಕೊಠಡಿ ಮೇಲ್ವಿಚಾರಕನ ಗತ್ತಿನಲ್ಲಿ ಆಜ್ಞೆ ಮಾಡಿ, ಈಚೆ ಬಂದು ಕಣ್ಣು ಮುಚ್ಚಿ ಕುಳಿತೆ.

ಪರದೆಯ ಹಿಂದೆ ಮೊದಲು 'ಟಪ್' ಎಂಬ ಸದ್ದಾಯಿತು.

ಕೇಳಿಸಿತೇ ಎಂದು ಗೆಳೆಯರನ್ನು ಕೇಳಿದೆ. ಅದು ಟ್ಯೂಬ್ ಉಸಿರಾಡುವ ಸದ್ದು, ಡಿಜಿಟಲ್‌ನಿಂದ ಅದು ಸಾಧ್ಯವೇ ಇಲ್ಲ ಎಂದು ವಿವರಿಸಿದೆ. ಪ್ರೇಮಾ ಪರದೆಯ ಹಿಂದಿನಿಂದ "ರೀ..." ಎಂದಳು. ಪರೀಕ್ಷೆ ನಡೆಯುವಾಗ ಮಾತಿಲ್ಲ ಎಂದು ಗದರಿದೆ. ಸ್ವಲ್ಪ ಹೊತ್ತಿಗೆ ಮತ್ತೆ "ರೀ, ಒಂದ್ನಿಮಿಷ..." ಎಂದಳು. ಇನ್ನೊಂದು ಸಲ ಬಾಯಿಬಿಟ್ಟರೆ ಹೊರಗೆ ಕಳುಹಿಸುತ್ತೇನೆ ಎಂದೆ. ಆಮೇಲೆ ಅವಳು ಮಾತಾಡಲಿಲ್ಲ.

ಗಿಟಾರ್ ಶುರುವಾಯಿತು. ಒಂದನೆಯದು ಟ್ಯೂಬ್ ಎಂದೆ, ಎದೆಗೆ ಬಂದು ತಾಗುತ್ತಿದೆ. ಎರಡನೆಯದೂ ಟ್ಯೂಬ್. ಮೂರನೆಯದು ಡಿಜಿಟಲ್, ಪ್ಲಾಸ್ಟಿಕ್ ಬಕೆಟ್ ಬಡಿದಂತಿದೆ. ನಾಲ್ಕನೆಯದು ಟ್ಯೂಬ್, ಬೆಚ್ಚಗಿದೆ, ಆಗ ತಾನೇ ಇಳಿಸಿದ ಹಾಲಿನಂತೆ. ಆರನೆಯದಕ್ಕೆ ನನ್ನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಹೊಸಕೋಟೆಯವರು ತಲೆದೂಗುತ್ತಾ ಬರೆದುಕೊಳ್ಳುತ್ತಿದ್ದರು. ಹತ್ತೂ ಮುಗಿದಾಗ ಆರು ಟ್ಯೂಬ್, ನಾಲ್ಕು ಡಿಜಿಟಲ್ ಎಂದು ತೀರ್ಪು ಕೊಟ್ಟು, ಎದ್ದು ಹೋಗಿ ಬೆಡ್‌ಶೀಟ್ ಎಳೆದೆ.

ನನ್ನ ಆಂಪ್ಲಿಫೈಯರಿನಲ್ಲಿ ಬೆಳಕೇ ಇರಲಿಲ್ಲ. ವಾಲ್ವುಗಳು ಕಪ್ಪಗೆ ತಣ್ಣಗೆ ನಿಂತಿದ್ದವು. ಗಿಟಾರಿನ ವೈರು ಮಂಜುನಾಥನ ಟಿಫನ್ ಡಬ್ಬಿಯಲ್ಲಿತ್ತು.

"ನಿಮ್ಮದು ಶುರುನಲ್ಲೇ ಟಪ್ಪಂತ ಆರೋಯ್ತು," ಎಂದಳು ಪ್ರೇಮಾ. "ಹೇಳಕ್ಕೆ ಬಂದ್ರೆ ಹೊರಗೆ ಕಳಿಸ್ತೀನಿ ಅಂದ್ರಿ."

ಮತ್ತೆ ಆ ಹತ್ತು? ಹತ್ತೂ ಡಬ್ಬಿಯೇ. ಗುಂಡಿಯನ್ನು ಕೂದಲೆಳೆಯಷ್ಟೂ ತಿರುಗಿಸಿರಲಿಲ್ಲವಂತೆ. ಒಂದೇ ಪೆಟ್ಟಿಗೆ, ಒಂದೇ ಧ್ವನಿ, ಹತ್ತು ಸಲ. ಅದರಲ್ಲಿ ನಾನು ಹಾಲನ್ನೂ ಕೇಳಿದ್ದೆ, ಬಕೆಟ್ಟನ್ನೂ ಕೇಳಿದ್ದೆ.

ಕೈಯಲ್ಲಿದ್ದ ಬೆಡ್‌ಶೀಟನ್ನು ಮಡಿಸತೊಡಗಿದೆ. ಕೊನೆಗೆ ಮಂಜುನಾಥನ ಕಡೆ ತಿರುಗಿ, ನೀನಾದರೂ ನಿಲ್ಲಿಸಬಾರದಿತ್ತೇ ಎಂದೆ.

"ಪ್ರಶ್ನೆಪತ್ರಿಕೆ ತಪ್ಪಿದ್ರೂ ಎದ್ದೋಗ್ಬಾರ್ದು, ಟೈಮ್ ಮುಗಿಯೋವರ್ಗೂ ಕೂತು ಬರೀಬೇಕು ಅಂತ ನೀವೇ ಹೇಳಿದ್ರಲ್ವಾ ಸಾರ್," ಎಂದ. ಅವನ ಮುಖದಲ್ಲಿ ನಗೆ ಇರಲಿಲ್ಲ. ಅದೇ ಹೆಚ್ಚು ನೋವು ಕೊಟ್ಟಿತು.

ಹಾಳಾದದ್ದು ಬರೀ ಫ್ಯೂಸ್. ನಾನು ಹಿಂದಿನ ಮುಚ್ಚಳಕ್ಕೆ ಕೈಹಾಕಲು ಹೋದಾಗ ಮಂಜುನಾಥ ಕೈಹಿಡಿದು ತಡೆದ. ಪ್ಲಗ್ ತೆಗೆದಿದ್ದರೂ ಒಳಗೆ ಕರೆಂಟ್ ಉಳಿದಿರುತ್ತದಂತೆ, ಮುಟ್ಟಿದವನು ಉಳಿಯುವುದು ಕಷ್ಟವಂತೆ. ಮುಚ್ಚಳ ತೆಗೆಯುವುದೇ ಬೇಕಿರಲಿಲ್ಲ. ಫ್ಯೂಸಿಗೆ ಹೊರಗಡೆಯೇ ಸಣ್ಣ ತಿರುಪು ಇತ್ತು. ಅದು ಬಂದಿದ್ದ ರಟ್ಟಿನ ಡಬ್ಬದ ತಳದಲ್ಲಿ ಕಂಪನಿಯವರು ಕೊಟ್ಟ ಇನ್ನೊಂದು ಫ್ಯೂಸ್ ಕೂಡ ಇತ್ತು. ಅದನ್ನು ಹಾಕಿ, ವಾಲ್ವ್ ಕಾಯುವವರೆಗೆ ಕಾದು, ಅವನು ಅದೇ ಎರಡು ಸಾಲು ಬಾರಿಸಿದ.

ನಾನು ಬೆರಗಾಗಿ ನಿಂತೆ. ಇಂಟರ್ನೆಟ್ಟಿನಲ್ಲಿ ಅತ್ತವನು ಸುಳ್ಳು ಹೇಳಿರಲಿಲ್ಲ. ಒಂದೊಂದು ಸ್ವರವೂ ತುಂಬಿಕೊಂಡು ಬಂದು, ಮೆಲ್ಲಗೆ ಕರಗಿ ಹೋಗುತ್ತಿತ್ತು. ದೇವನಹಳ್ಳಿಯವರು ಹಾಗೇ ಕಣ್ಣು ಮುಚ್ಚಿದರು. ಚಿಕ್ಕಣ್ಣ ತಾನಾಗಿಯೇ, ಇನ್ನು ಸ್ವಲ್ಪ ಜೋರು ಮಾಡಿದರೂ ಪರವಾಗಿಲ್ಲ ಎಂದ.

ನೋಡಿದಿರಾ, ನಾನು ಹೇಳಿದ್ದು ಇದನ್ನೇ ಎಂದು ಗಿಟಾರ್ ಕಿತ್ತುಕೊಂಡೆ. ಅದೇ ಪೆಟ್ಟಿಗೆ, ಅದೇ ವಾಲ್ಯೂಮ್, ಅದೇ ಎರಡು ಸಾಲು. ನಾನು ಬಾರಿಸಿದೆ. ಮುಗಿಯುವ ಮೊದಲೇ ದೇವನಹಳ್ಳಿಯವರು ಕಣ್ಣು ತೆರೆದರು.

ಮಾವನವರು ಮುಂದಕ್ಕೆ ಬಾಗಿ, ಪೆಟ್ಟಿಗೆಯನ್ನು ಕನಿಕರದಿಂದ ನೋಡಿ ಕೇಳಿದರು: "ಈಗ ಏನಾಯ್ತಪ್ಪಾ ಇದಕ್ಕೆ? ಚೆನ್ನಾಗೇ ಇತ್ತಲ್ಲ."

ಪೆಟ್ಟಿಗೆಗೆ ಏನೂ ಆಗಿರಲಿಲ್ಲ. ಇಪ್ಪತ್ತೈದು ವರ್ಷ ಯಾವ ಮದುವೆಯಲ್ಲೂ ಯಾರೂ ಆಡದ ಮಾತನ್ನು ಆ ಮುದುಕ ಬಹಳ ಮುಗ್ಧವಾಗಿ ಆಡಿಬಿಟ್ಟಿದ್ದರು. ಗಿಟಾರನ್ನು ಮಂಜುನಾಥನ ಕೈಗೆ ಕೊಟ್ಟೆ. ಆರತಕ್ಷತೆಗೆ ನೀನೇ ಬಾರಿಸು, ಪೆಟ್ಟಿಗೆ ನನ್ನದೇ ಇರಲಿ ಎಂದೆ. ಅವನು ಬೇಡ ಸಾರ್ ಎಂದ. ಬಲವಾಗಿ ಅನ್ನಲಿಲ್ಲ.

ಮಧುರೆಯ ಛತ್ರದಲ್ಲಿ ಅವನು ಬಾರಿಸಿದ್ದು ಕೇಳಿ, ಊಟಕ್ಕೆ ಎದ್ದವರು ಬಾಗಿಲಲ್ಲೇ ನಿಂತರು. ನಾನು ವೇದಿಕೆಯ ಹಿಂದೆ ಪೆಟ್ಟಿಗೆಯ ಪಕ್ಕ ನಿಂತು ಸ್ವಿಚ್ಚಿನ ಉಸ್ತುವಾರಿ ನೋಡಿಕೊಂಡೆ. ಕೊನೆಯಲ್ಲಿ ಭಾವನವರು ಮೈಕ್ ಹಿಡಿದು ಎಲ್ಲರಿಗೂ ವಂದನೆ ಹೇಳಿದರು. ಅಷ್ಟು ವರ್ಷಗಳಲ್ಲಿ ಮೊದಲ ಸಲ ನನ್ನ ಹೆಸರು ಮೈಕಿನಲ್ಲಿ ಕೇಳಿಬಂತು: ಶಾಮಿಯಾನ, ಕುರ್ಚಿ, ಜನರೇಟರ್ ಒದಗಿಸಿದವರ ಜೊತೆಯಲ್ಲಿ, ಸ್ಪೀಕರ್ ಒದಗಿಸಿದವರು ಎಂದು.

ವೇದಿಕೆಯ ಹಿಂದಿನಿಂದ ಬರುವಾಗ ಗಂಡಿನ ಕಡೆಯವರೊಬ್ಬರು ತಡೆದು, ಮುಂದಿನ ತಿಂಗಳು ಸೂಲಿಬೆಲೆಯಲ್ಲಿ ಮೊಮ್ಮಗಳ ನಾಮಕರಣವಿದೆ, ಕುರ್ಚಿ ಕೂಡ ನೀವೇ ಕೊಡುತ್ತೀರಾ ಎಂದು ಕೇಳಿದರು.

ನಾನು ಕೆಮಿಸ್ಟ್ರಿ ಲೆಕ್ಚರರ್, ಗಿಟಾರ್ ವಾದಕ ಎಂದು ಹೇಳಲು ಬಾಯಿ ತೆರೆದೆ. ಆಮೇಲೆ ಯೋಚಿಸಿ, ನಂಬರ್ ಕೊಟ್ಟೆ.