ಮೂರು ಕಾಯಿ, ಮೂರು ಬಾಗಿಲು

ಎಲ್ಲ ಶುರುವಾಗಿದ್ದು ಬಕೆಟ್ಟಿನಿಂದ ಸೋರಿದ ನೀರಿನಿಂದ. ನಿವೃತ್ತ ಬಸ್ ಕಂಡಕ್ಟರ್ ಒಬ್ಬರು ಹೊತ್ತು ಹೋಗದೆ, ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ತೂತು ಬಕೆಟ್ಟಿಗೆ ಮಣ್ಣು ತುಂಬಿ ಬದನೆ ಬೀಜ ಬಿತ್ತಿದ್ದರು. ನೀರು ಕೆಳಮನೆಯ ಟೀಚರಮ್ಮನ ಒಗೆದ ಬಟ್ಟೆಯ ಮೇಲೆ ತೊಟ್ಟಿಕ್ಕಿತು. ಜಗಳಕ್ಕೆಂದೇ ಮೆಟ್ಟಿಲು ಹತ್ತಿ ಬಂದ ಟೀಚರಮ್ಮ, ಇಷ್ಟು ನೀರು ಹಾಕಿದರೆ ಬೀಜ ಕೊಳೆಯುತ್ತದೆಂದು ಅರ್ಧ ಗಂಟೆ ಪಾಠ ಮಾಡಿ ಹೋದರು.

ದಿನಕ್ಕೆ ಸಾವಿರ ಜನರೊಂದಿಗೆ ಮಾತಾಡಿದ್ದ ಬಾಯಿ ಕಂಡಕ್ಟರರದು. ನಿವೃತ್ತಿಯಾದ ಮೇಲೆ ತುಕ್ಕು ಹಿಡಿದ ಬೀಗದಂತಾಗಿತ್ತು. ಹೆಂಡತಿ ತೀರಿಕೊಂಡು ಐದು ವರ್ಷ. ಆ ಅರ್ಧ ಗಂಟೆ ಅವರಿಗೆ ಹಬ್ಬವಾಯಿತು.

ಎಂಟನೆಯ ದಿನ ಮೊಳಕೆ ಬಂತು, ಹಿಂದೆಯೇ ಎದುರುಮನೆಯ ಟೈಲರ್ ಬಂದ. ಗಿಡ ಬೆಳೆದ ಮೇಲೆ ಬುಡದ ಚಿಗುರು ಚಿವುಟಬೇಕು ಎಂದ. ಹೂವಾದಾಗ ಪಕ್ಕದ ನರ್ಸಮ್ಮ ಬಂದು, ನಾಡಿ ಹಿಡಿಯುವವಳಂತೆ ಕಾಯಿ ಕಚ್ಚಲೆಂದು ಹೂವನ್ನು ಮೆಲ್ಲಗೆ ತಟ್ಟಿ ತೋರಿಸಿದಳು. ಟೀಚರಮ್ಮನದು ಪೂರ್ತಿ ಪುಸ್ತಕದ ಬದನೆಕಾಯಿ. ಆದರೂ ಕಂಡಕ್ಟರ್ ಗೊತ್ತಿದ್ದದ್ದನ್ನೂ ಗೊತ್ತಿಲ್ಲದವರಂತೆ ಕೇಳುತ್ತಿದ್ದರು. ನಾಲ್ಕು ತಿಂಗಳು ಸಂಜೆಯ ಚಹಾ ಒಂಟಿಯಾಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಮೂರು ಕಾಯಿ ಮಿರಮಿರ ಮಿಂಚುತ್ತಿದ್ದವು. ಕತ್ತರಿಯಿಂದ ತೊಟ್ಟುಸಹಿತ ಕೊಯ್ದು, ಮೂವರನ್ನೂ ಮಧ್ಯಾಹ್ನದ ಊಟಕ್ಕೆ ಕರೆಯಲು ಹೊರಟರು.

ಟೈಲರ್ ಬಾಗಿಲು ತೆರೆದ. ಅವನ ಕಿಟಕಿಯಲ್ಲೇ ಆರು ಬದನೆ ಗಿಡ. "ನಿಮ್ ಗಿಡ ನೋಡಿ ಆಸೆಯಾಗಿ ಸಸಿ ತಂದು ನೆಟ್ಟೆ. ಇವತ್ತು ನಮ್ಮನೇಲೂ ಅದೇ ಅಡುಗೆ ಸಾರ್," ಎಂದು ಒಂದು ಚೀಲ ಕಾಯಿ ಕೈಗಿಟ್ಟ.

ನರ್ಸಮ್ಮನದೂ ಅದೇ ಕತೆ. ಡ್ಯೂಟಿಗೆ ಹೊರಟಿದ್ದವಳು ಇನ್ನೊಂದು ಚೀಲ ಹೊರಿಸಿದಳು. ಕಂಡಕ್ಟರ್ ಸಂತೆಯಿಂದ ಮರಳುವವರಂತೆ ಎರಡೂ ಕೈಯಲ್ಲಿ ಭಾರ ಹೊತ್ತು ಕೆಳಗಿಳಿದರು.

ಟೀಚರಮ್ಮನ ಮನೆಯಲ್ಲಿ ನೆಂಟರು ತುಂಬಿದ್ದರು. ಬಾಲ್ಕನಿ ತುಂಬ ಬದನೆ. ಬಾಗಿಲಲ್ಲೇ ಮೂರನೆಯ ಚೀಲ ಕೊಟ್ಟು ಟೀಚರಮ್ಮ ಹೇಳಿದರು: "ಇನ್ನು ನಿಮಗ್ಯಾಕೆ ಬೆಳೆಯೋ ಕಷ್ಟ. ವಾರವಾರ ನಾವ್ ಮೂರೂ ಮನೆಯವ್ರು ಕೊಡ್ತೀವಿ ಅಂತ ಮಾತಾಡ್ಕೊಂಡಿದೀವಿ."

ಕಂಡಕ್ಟರರ ಮುಖ ಅರಳಿತು. "ಹಾಗಾದ್ರೆ ವಾರವಾರ ಬರ್ತೀರಾ?"

"ಅಯ್ಯೋ, ನಿಮಗೆ ತೊಂದ್ರೆ ಕೊಡಲ್ಲ. ಬಾಗಿಲ ಹಿಡಿಕೆಗೆ ತಗಲಾಕಿ ಸದ್ದಿಲ್ಲದೆ ಹೋಗ್ಬಿಡ್ತೀವಿ."