ಎಮ್ಮೆಯ ಪಕ್ಕದ ಎಂಜಿನ್ನು

ನಮ್ಮ ಭಾವ ಒಳ್ಳೆಯವರು. ಇದನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಮುಂದೆ ಹೇಳುವುದಕ್ಕೆ ಅವರು ಅವಕಾಶ ಕೊಡುವುದು ಅನುಮಾನ! ಕುಡಿಯುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ, ಇನ್ನೊಬ್ಬರ ಮನೆಯ ವ್ಯಾಜ್ಯಕ್ಕೆ ತಲೆ ಹಾಕುವುದಿಲ್ಲ. ಆದರೆ ಕೈಗೊಂದು ಸ್ಪ್ಯಾನರ್ ಸಿಕ್ಕಿತೋ, ಮುಗಿಯಿತು. ಆಮೇಲೆ ಅವರು ನಮ್ಮಕ್ಕನ ಗಂಡನೂ ಅಲ್ಲ, ಸರ್ಕಾರದ ಪಿಂಚಣಿದಾರರೂ ಅಲ್ಲ. ಬೇರೆ ಯಾರೋ.

ಭಾವ ಪಶು ಆಸ್ಪತ್ರೆಯಲ್ಲಿ ಕಂಪೌಂಡರಾಗಿದ್ದವರು. ಮನೆ ಭರಮಸಾಗರದಲ್ಲಿ. ಕುರಿಗಳಿಗೆ ಸೂಜಿ ಹಾಕಲು ಹಟ್ಟಿಯಿಂದ ಹಟ್ಟಿಗೆ ತಿರುಗಬೇಕಾಗಿದ್ದ ಕಾಲದಲ್ಲಿ ಒಂದು ಮೋಟರ್ ಸೈಕಲ್ಲು ಕೊಂಡರು. ಯಾವ ಕಂಪನಿಯದು ಎಂದು ನಾನು ಹೇಳುವುದಿಲ್ಲ. ಕಂಪನಿಯವರು ಪಾಪ ಗಾಡಿ ಮಾಡಿಕೊಟ್ಟರೇ ಹೊರತು, ಅದನ್ನು ನಮ್ಮ ಭಾವನ ಕೈಗೇ ಕೊಡಿ ಎಂದೇನೂ ಹೇಳಿರಲಿಲ್ಲ! ಕೆಟ್ಟ ಗಾಡಿಯನ್ನು ಬಿಚ್ಚುವುದು ಎಲ್ಲರೂ ಮಾಡುವ ಕೆಲಸ. ಭಾವ ಚೆನ್ನಾಗಿ ಓಡುತ್ತಿರುವ ಗಾಡಿಯನ್ನು ಬಿಚ್ಚುತ್ತಾರೆ.

"ಯಾಕೆ ಭಾವ, ಏನಾಗೈತೆ ಇದಕ್ಕೆ?"

"ಏನೂ ಆಗಿಲ್ಲ ಕಣಲೇ. ಹೊರಗೆ ಏನೂ ಆಗಿಲ್ಲ ಅಂದ್ರೆ ಒಳಗೆ ಏನೋ ಆಗ್ತಾ ಐತೆ ಅಂತ ಅರ್ಥ."



ಅವರ ಗ್ಯಾರೇಜು ಎಂದರೆ ಮನೆಯ ಹಿಂದಿನ ಕೊಟ್ಟಿಗೆ. ಅರ್ಧ ಎಮ್ಮೆಗೆ, ಅರ್ಧ ಗಾಡಿಗೆ. ಒಂದೇ ಮೊಳೆಗೆ ಎಮ್ಮೆಯ ಹಗ್ಗವೂ ಕ್ಲಚ್ ಕೇಬಲ್ಲೂ ನೇತಾಡುತ್ತವೆ. ಎಂಜಿನ್ನಿಗೆ ಆಯಿಲು ಹಾಕುವುದು ದನಕ್ಕೆ ಔಷಧಿ ಕುಡಿಸುವ ಬಿದಿರಿನ ಗೊಟ್ಟದಲ್ಲಿ. ಹಾಕುವಾಗ ಎಡಗೈಯಲ್ಲಿ ಟ್ಯಾಂಕಿನ ಬೆನ್ನು ತಟ್ಟುತ್ತ, "ಆತು, ಆತು, ಇನ್ನೊಂದೀಟು" ಎಂದು ಸಮಾಧಾನ ಬೇರೆ ಮಾಡುತ್ತಾರೆ. ಡಾಕ್ಟರಿಲ್ಲದ ದಿನಗಳಲ್ಲಿ ಆಸ್ಪತ್ರೆಯನ್ನು ನಡೆಸುತ್ತಿದ್ದವರು ಇವರೇ ಆದ್ದರಿಂದ ಸ್ವಂತದ್ದೊಂದು ಸ್ಟೆತಾಸ್ಕೋಪೂ ಇದೆ. ಅದನ್ನು ಒಮ್ಮೆ ಎಮ್ಮೆಯ ಹೊಟ್ಟೆಗೂ ಒಮ್ಮೆ ಸಿಲಿಂಡರಿಗೂ ಇಟ್ಟು ಕಣ್ಣು ಮುಚ್ಚಿ ನಿಲ್ಲುವುದನ್ನು ನೋಡಿದರೆ, ಯಾವುದಕ್ಕೆ ಕಾಯಿಲೆ ಎಂದು ಎಮ್ಮೆಗೇ ಅನುಮಾನ ಬರಬೇಕು.

ಆದರೆ ಭಾವನ ನಿಜವಾದ ಆಸ್ತಿ ಎಂದರೆ ಅವರ ಕಿವಿ. ಒಮ್ಮೆ ಮನೆಯಲ್ಲಿ ಸತ್ಯನಾರಾಯಣ ಪೂಜೆ ನಡೆಯುತ್ತಿತ್ತು. ಭಾವ ಮಡಿಯುಟ್ಟು, ಕೈಮುಗಿದು, ಕಣ್ಣು ಮುಚ್ಚಿ ಕುಳಿತಿದ್ದರು. ಭಕ್ತಿ ಎಂದರೆ ಇದಪ್ಪಾ ಎಂದುಕೊಂಡೆ. ಹೊರಗೆ ದಾವಣಗೆರೆ ರಸ್ತೆಯಲ್ಲಿ ಒಂದು ಲಾರಿ ಹೋಯಿತು. ಭಾವ ಮುಗಿದ ಕೈ ಬಿಡಿಸದೆ, "ಎರಡನೇ ಸಿಲಿಂಡರ್ ಕೆಲಸ ಮಾಡ್ತಿಲ್ಲ" ಎಂದರು. ಶಾಸ್ತ್ರಿಗಳು ಮಂತ್ರ ಮರೆತರು!

ಅಂಥ ಕಿವಿ ಈಚೆಗೆ ಸ್ವಲ್ಪಸ್ವಲ್ಪವಾಗಿ ಕೈಕೊಡತೊಡಗಿತು. ಮೊದಲು ಪೋಸ್ಟ್‌ಮ್ಯಾನಿನ ಬೆಲ್ಲು ಕೇಳಿಸದಾಯಿತು. ಆಮೇಲೆ ಅಕ್ಕ ಕೂಗಿದ್ದು ಕೇಳಿಸದಾಯಿತು. ಇದನ್ನು ನಾವು ಕಾಯಿಲೆ ಎಂದು ತಿಳಿಯಲಿಲ್ಲ. ಗಂಡಂದಿರಲ್ಲಿ ಇದು ಇದ್ದದ್ದೇ ಅಲ್ಲವೇ? ಕೊನೆಗೆ ನಾನೇ ಅವರನ್ನು ನಾನಿರುವ ದುರ್ಗಕ್ಕೆ ಕರೆಸಿಕೊಂಡು ಕಿವಿ ಡಾಕ್ಟರಿಗೆ ತೋರಿಸಿದೆ. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಮುಕ್ಕಾಲು ಹೋಗಿದೆ, ಸರಿಹೋಗುವ ಹಾಗಿಲ್ಲ ಎಂದು ಡಾಕ್ಟರು ಹೇಳಿದರು. ಹೊರಗೆ ಬಂದ ಮೇಲೆ ಭಾವ ತಮ್ಮ ತೀರ್ಪು ಕೊಟ್ಟರು: "ಡಾಕ್ಟ್ರು ಬುದ್ವಂತ. ಆದ್ರೆ ಬಾಯೊಳಗೇ ಮಾತಾಡ್ತಾನೆ."

ಅವತ್ತು ಸಂಜೆಯೇ ಅನಾಹುತವಾಯಿತು. ಅವರ ಗಾಡಿಯಲ್ಲೇ ಭರಮಸಾಗರಕ್ಕೆ ಹೊರಟೆವು. ಅರ್ಧ ದಾರಿಯಲ್ಲಿ ಎಂಜಿನ್ನಿನೊಳಗೆ ಏನೋ ಕಟಕಟ ಎನ್ನತೊಡಗಿತು. ನಾನು ಅವರ ಬಲಗಿವಿಯ ಹತ್ತಿರ ಬಾಯಿಟ್ಟು ಕೂಗಿದೆ.

"ಭಾವಾ, ಕಟಕಟ ಅಂತೈತೆ!"

"ಅದು ನಿನ್ನ ಹಲ್ಲು ಕಣಲೇ, ಚಳಿಗೆ. ಬಾಯಿ ಮುಚ್ಕಂಡು ಕುಂತ್ಕ."

ಬಾಯಿ ಮುಚ್ಚಿದೆ. ಕಟಕಟ ನಿಲ್ಲಲಿಲ್ಲ. ಕೆರೆಯ ಏರಿಯ ಮೇಲೆ ಎಂಜಿನ್ನು ಒಮ್ಮೆಲೇ ಕಚ್ಚಿಕೊಂಡು, ಹಿಂದಿನ ಚಕ್ರ ನಿಂತು, ನಾನು ಹೋಗಿ ಜಾಲಿಗಿಡದಲ್ಲಿ ಕುಳಿತೆ. ಮುಳ್ಳು ಕೀಳುವುದಕ್ಕೆ ಎರಡು ದಿನ ಹಿಡಿಯಿತು. ಎಲ್ಲಿ ಕೀಳಬೇಕಾಯಿತು ಎಂದು ಕೇಳಬೇಡಿ.

ಗಾಡಿ ಯಾರದೋ ಟ್ರ್ಯಾಕ್ಟರಿನಲ್ಲಿ, ಶೇಂಗಾ ಹೊಟ್ಟಿನ ಮೇಲೆ ಮಲಗಿಕೊಂಡು ಮನೆಗೆ ಬಂತು. ಅಕ್ಕ ಬಾಗಿಲಲ್ಲೇ ನಿಂತು ಶುರು ಮಾಡಿದಳು.

"ನಾಳೇನೇ ಗುಜರಿಯವನಿಗೆ ಕೊಡ್ರಿ ಇದನ್ನ. ಎಂಜಿನ್ ಒದ್ದಾಡಿದ್ದು ಮೇಲೆ ಕುಂತೋರಿಗೇ ಕೇಳ್ಸಲ್ಲ ಅಂದ್ರೆ, ಇನ್ನು ಹಿಂದಿನ ಲಾರಿ ಹಾರ್ನು ಕೇಳ್ಸುತ್ತಾ? ಕಿವಿ ಹೋಗೈತೆ ಅಂತ ಒಪ್ಕಂಬಿಡ್ರಿ."

ಇದು ಮಾತ್ರ ಭಾವನಿಗೆ ಸ್ಪಷ್ಟವಾಗಿ ಕೇಳಿಸಿತು. ಮುಖ ಕೆಂಪಾಯಿತು.

"ಯಾರಿಗೆ ಕಿವಿ ಹೋಗಿರೋದು? ಎಂಜಿನ್ ನಾನೇ ಬಿಚ್ತೀನಿ, ನಾನೇ ಕಟ್ತೀನಿ. ಸ್ಟೆತಾಸ್ಕೋಪ್ ಮುಟ್ಟಲ್ಲ. ಬರೀ ಕಿವೀಲೇ ಟ್ಯೂನ್ ಮಾಡ್ತೀನಿ. ಆಗ್ಲಿಲ್ವಾ, ನಾನೇ ಎತ್ತಿ ಗುಜರಿಯವನ ಗಾಡಿಗೆ ಹಾಕ್ತೀನಿ."

"ದೀಪದ ಮುಂದೆ ಹೇಳ್ರಿ."

ಭಾವ ದೇವರ ಮನೆಗೆ ಹೋಗಿ ದೀಪದ ಮುಂದೆ ಹೇಳಿಯೇ ಬಂದರು. ನನಗೆ ಒಳಗೊಳಗೇ ಭಯವಾಯಿತು. ಗಾಡಿ ಹೋದರೆ ಹೋಯಿತು, ಹಳೆಯದು. ಆದರೆ ಅದನ್ನು ಗುಜರಿಗೆ ಹಾಕಿದ ದಿನ ಭಾವ ತಾವು ಕಿವುಡರೆಂದು ತಮ್ಮ ಬಾಯಿಂದಲೇ ಒಪ್ಪಿಕೊಂಡ ಹಾಗೆ. ಆಮೇಲೆ ಆ ಮನುಷ್ಯ ಬೆಳಗ್ಗೆ ಎದ್ದು ಮಾಡುವುದಾದರೂ ಏನು?

ಸರಿ, ಎಂಜಿನ್ನು ಬಿಚ್ಚಿದ್ದಾಯಿತು. ಸಿಲಿಂಡರನ್ನು ದುರ್ಗದ ಲೇತಿನಲ್ಲಿ ಕೊರೆಸಿ, ಹೊಸ ಪಿಸ್ಟನ್ನು, ಹೊಸ ಬೇರಿಂಗು ತಂದದ್ದಾಯಿತು. ನಾನು ಭಾನುವಾರ ಭಾನುವಾರ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ, ಸಹಾಯಕ್ಕಲ್ಲ, ತಮಾಷೆಗೆ. ಅದಕ್ಕೆ ತಕ್ಕ ಶಾಸ್ತಿಯೂ ಆಯಿತು. ಒಂದು ಭಾನುವಾರ ಅಕ್ಕ ತಲೆಗೆ ಎಣ್ಣೆ ಒತ್ತಿ ಬಚ್ಚಲಿಗೆ ಕಳಿಸಿದಳು. ಮೂರು ಚೊಂಬು ಹುಯ್ದುಕೊಂಡರೂ ನೀರು ಮೈಮೇಲೆ ನಿಲ್ಲುತ್ತಿಲ್ಲ. ಕೆಸುವಿನೆಲೆಯ ಮೇಲಿನ ಹಾಗೆ ಜಾರಿ ಹೋಗುತ್ತಿದೆ! ಸೀಗೆಪುಡಿ ಹಾಕಿದಷ್ಟೂ ಕಪ್ಪಾಗುತ್ತಿದ್ದೇನೆ. ಅಷ್ಟರಲ್ಲಿ ಹೊರಗಿನಿಂದ ಭಾವನ ದನಿ.

"ಲೇ, ಚೊಂಬು ಮೆಲ್ಲಗೆ ಅದ್ದು. ಹಂಡೆಯೊಳಗೆ ಎಂಜಿನ್ನಿನ ಚಿಪ್ಪೈತೆ!"

ಚಿಪ್ಪು ಎಂದರೆ ಎಂಜಿನ್ನಿನ ಹೊರಕವಚ; ಅದು ಬಿಸಿಯಾಗಿ ಹಿಗ್ಗಿದರೆ ಹೊಸ ಬೇರಿಂಗು ತಾನಾಗಿ ಒಳಗೆ ಕೂರುತ್ತದಂತೆ. ಅದಕ್ಕೆ ಕುದಿಯುವ ನೀರು ಬೇಕಂತೆ. ಇಡೀ ಮನೆಯಲ್ಲಿ ಕುದಿಯುವ ನೀರಿರುವುದು ಸ್ನಾನದ ಹಂಡೆಯಲ್ಲಂತೆ. ನಾನು ಟವಲು ಸುತ್ತಿಕೊಂಡು ಬಂದು ಜಗಳಕ್ಕೆ ನಿಂತರೆ ಭಾವ ಶಾಂತವಾಗಿ ಕೇಳಿದರು: "ಮೊಣಕಾಲು ನೋವು ಅಂತಿದ್ದೆಯಲ್ಲ, ಈಗ ಹೆಂಗೈತೆ?"

ಮುಂದಿನ ಸರದಿ ಅಕ್ಕನ ಮಜ್ಜಿಗೆ ಕಡೆಗೋಲಿನದು. ವಾಲ್ವುಗಳು ತಮ್ಮ ಗುಳಿಯಲ್ಲಿ ಬಿಗಿಯಾಗಿ ಕೂರಬೇಕಾದರೆ ಲೋಹ ಉಜ್ಜುವ ಪೇಸ್ಟು ಹಚ್ಚಿ ಅತ್ತಿತ್ತ ತಿರುವಿ ತಿಕ್ಕಬೇಕು. ಕಡೆಗೋಲಿನ ತುದಿಗೆ ರಬ್ಬರು ಸಿಕ್ಕಿಸಿ, ಎರಡು ಅಂಗೈ ನಡುವೆ ಇಟ್ಟು ಭಾವ ಮೂರು ದಿನ ಕಡೆದರು. ನಾಲ್ಕನೆಯ ದಿನ ಅಕ್ಕ ಕಡೆದಾಗ ಬೂದುಬಣ್ಣದ ಬೆಣ್ಣೆ ಬಂತು.

"ಇದನ್ನ ಯಾರ್ರೀ ತಿಂತಾರೆ?" ಎಂದು ಅಕ್ಕ ಬೆಣ್ಣೆಯನ್ನು ಮುಖದ ಮುಂದೆ ಹಿಡಿದಳು.

"ಬೆಣ್ಣೆ ಬಿಡೇ, ಅಂಗಡೀಲಿ ಸಿಗ್ತೈತೆ. ವಾಲ್ವು ನೋಡಿಲ್ಲಿ! ಸೀಮೆಎಣ್ಣೆ ಹುಯ್ದ್ರೂ ಒಂದ್ ಹನಿ ಇಳಿಯಲ್ಲ."

ಇದಾದರೋ ಮನೆಯೊಳಗಿನ ಮಾತು. ಹೊರಗಿನ ಸಂಬಂಧವೂ ಒಂದು ಹಾಳಾಯಿತು. ಎಂಜಿನ್ನಿನ ಎರಡು ಭಾಗ ಕೂಡುವಲ್ಲಿ ಆಯಿಲು ಸೋರದ ಹಾಗೆ ನಡುವೆ ದಪ್ಪ ಕಾಗದ ಇಡಬೇಕು. ಅಂಗಡಿಯ ಕಾಗದದ ಮೇಲೆ ಭಾವನಿಗೆ ನಂಬಿಕೆಯಿಲ್ಲ. ಅವರ ಅನುಭವದಲ್ಲಿ ಲಗ್ನಪತ್ರಿಕೆಗಿಂತ ಗಟ್ಟಿ ಕಾಗದ ಪ್ರಪಂಚದಲ್ಲೇ ಇಲ್ಲ. ಅವತ್ತು ಪೋಸ್ಟಿನಲ್ಲಿ ಬಂದ ಪತ್ರಿಕೆಯನ್ನು ತಡವಿ ನೋಡಿ, "ಭೇಷ್" ಎಂದು, ಓದದೆ ಚಿಪ್ಪಿನ ಮೇಲಿಟ್ಟು, ಅಂಚಿನ ಸುತ್ತ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕತ್ತರಿಸಿ ಕೂರಿಸಿಬಿಟ್ಟರು. ಹದಿನೈದು ದಿನ ಕಳೆದ ಮೇಲೆ ಮತ್ತೋಡಿನಿಂದ ಅವರ ಚಿಕ್ಕಮ್ಮ ಕೆಂಡವಾಗಿ ಬಂದರು.

"ನನ್ನ ಮಗಳ ಮದುವೆಗೆ ಬರಲಿಲ್ಲವಲ್ಲೋ! ಏನು ತಪ್ಪು ಮಾಡಿದ್ವಿ ನಾವು?"

"ಪತ್ರಿಕೇನೇ ಬಂದಿಲ್ಲ ಅತ್ತೆ, ದೇವರಾಣೆ" ಎಂದಳು ಅಕ್ಕ.

"ಬಂದೈತೆ" ಎಂದರು ಭಾವ. ಸುಳ್ಳು ಹೇಳುವ ಅಭ್ಯಾಸ ಅವರಿಗಿಲ್ಲ. ಚಿಕ್ಕಮ್ಮನನ್ನು ಕೊಟ್ಟಿಗೆಗೆ ಕರೆದೊಯ್ದು ಎಂಜಿನ್ನು ತೋರಿಸಿದರು. ಅಂಚಿನಲ್ಲಿ ಕೂದಲೆಳೆಯಷ್ಟು ಕಾಗದ ಹೊರಗಿಣುಕಿ, ಅದರ ಮೇಲೆ 'ಸುಖಾಗಮನ ಬಯಸುವ' ಎಂಬ ಬಂಗಾರದ ಅಕ್ಷರಗಳ ತಲೆ ಮಾತ್ರ ಕಾಣುತ್ತಿತ್ತು. "ನೋಡು ಚಿಕ್ಕಮ್ಮ, ನಿನ್ನ ಮಗಳ ಮದುವೆ ಎಷ್ಟು ಬಿಗಿಯಾಗಿ ಕುಂತೈತೆ!"

ಚಿಕ್ಕಮ್ಮ ನೀರೂ ಕುಡಿಯದೆ ಬಸ್ಸು ಹತ್ತಿದರು.

ಕೊನೆಗೂ ಆ ದಿನ ಬಂತು. ಎಂಜಿನ್ನು ಕಟ್ಟಿ ಆಗಿತ್ತು. ಉಳಿದದ್ದು ಟ್ಯೂನಿಂಗು ಒಂದೇ. ಅಕ್ಕ ಗುಜರಿಯವನಿಗೂ ಹೇಳಿ ಕಳಿಸಿದ್ದಳು. ಅವನು ತಕ್ಕಡಿ ಸಮೇತ ಬಂದು ಕೊಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದ. ಭಾವ ಸ್ಟೆತಾಸ್ಕೋಪನ್ನು ಎಲ್ಲರಿಗೂ ಕಾಣುವಂತೆ ಎಮ್ಮೆಯ ಗೂಟಕ್ಕೆ ನೇತುಹಾಕಿ ಕಿಕ್ಕು ಹೊಡೆದರು. ಎಷ್ಟನೆಯದಕ್ಕೋ ಎಂಜಿನ್ನು ಹೊತ್ತಿಕೊಂಡಿತು. ಎಮ್ಮೆ ಬೆದರಿ ಕಲಗಚ್ಚಿನ ಬಾನಿ ಉರುಳಿಸಿತು.

ಕಾರ್ಬೊರೇಟರಿನಲ್ಲಿ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಗಾಳಿ ಹೆಚ್ಚಾದರೆ ಎಂಜಿನ್ನು ಸೀನುತ್ತದೆ, ಪೆಟ್ರೋಲು ಹೆಚ್ಚಾದರೆ ತೇಗುತ್ತದೆ. ನಡುವೆ ಒಂದು ಕಡೆ ಮಾತ್ರ ಉಸಿರು ಹದಕ್ಕೆ ಬರುತ್ತದೆ, ಅದನ್ನು ಹಿಡಿಯಬೇಕಾದ್ದು ಕಿವಿಯೇ. ಭಾವ ಬಗ್ಗಿ ಸ್ಕ್ರೂಡ್ರೈವರ್ ಇಟ್ಟರು.  

ತಿರುವಿದರು. ಎಂಜಿನ್ನು ಫಟ್ಟನೆ ಸೀನಿತು. ಭಾವನಿಗೆ ಗೊತ್ತಾಗಲಿಲ್ಲ, ಅದೇ ಕಡೆಗೆ ಇನ್ನಷ್ಟು ತಿರುವಿದರು. ಗುಜರಿಯವನು ನನ್ನ ಮುಖ ನೋಡಿ ನಕ್ಕ.  ಸಾಯಲಿ, ಕೂಗಿ ಹೇಳಿಬಿಡೋಣ ಎಂದು ಬಾಯಿ ತೆರೆದವನು ಹಾಗೇ ನಿಂತೆ. ಭಾವನ ಕಣ್ಣು ಎಂಜಿನ್ನಿನ ಮೇಲಿರಲಿಲ್ಲ. ನನ್ನ ಭುಜದ ಮೇಲಿಂದ ಅವರು ಇನ್ನೇನನ್ನೋ ನೋಡುತ್ತಿದ್ದರು.

ತಿರುಗಿದೆ. ಹಿತ್ತಲ ಬಾಗಿಲಲ್ಲಿ ಅಕ್ಕ ಮೊರ ಹಿಡಿದು ನಿಂತಿದ್ದಳು. ಅಕ್ಕಿಯಲ್ಲಿ ಕಲ್ಲು ಆರಿಸುವವಳ ಹಾಗೆ ತಲೆ ಬಗ್ಗಿಸಿದ್ದಳು. ಆ ತಲೆ ಅಡ್ಡಡ್ಡಕ್ಕೆ, ಕಂಡೂ ಕಾಣದ ಹಾಗೆ ಆಡಿತು. ಭಾವ ಸ್ಕ್ರೂವನ್ನು ಹಿಂದಕ್ಕೆ ತಿರುವಿದರು. ಅಕ್ಕನ ಗಲ್ಲ ಸ್ವಲ್ಪ ಮೇಲಕ್ಕೆದ್ದಿತು. ಇನ್ನೊಂದಿಷ್ಟು ತಿರುವಿದರು. ಗಲ್ಲ ಇನ್ನೊಂದಿಷ್ಟು ಎದ್ದಿತು. ಎಂಜಿನ್ನು ತೇಗಿದಾಗ ಅವಳ ಹುಬ್ಬು ಗಂಟಾಯಿತು; ಭಾವನ ಕೈ ಕೂದಲೆಳೆಯಷ್ಟು ಹಿಂದೆ ಬಂತು. ಆಗ ಅಕ್ಕ ಮೊರ ಅಲ್ಲಾಡಿಸುವುದನ್ನು ಬಿಟ್ಟು ಕಣ್ಣು ಮುಚ್ಚಿದಳು. ಮುಖವೆಲ್ಲ ತಿಳಿಯಾಯಿತು. ಭಾವ ಸ್ಕ್ರೂಡ್ರೈವರ್ ತೆಗೆದರು. ಎಂಜಿನ್ನು ಒಂದೇ ಸಮನೆ, ಹದವಾಗಿ, ಉಸಿರಾಡುತ್ತ ನಿಂತಿತ್ತು.

"ಏನಲೇ? ಯಾರಿಗೆ ಕಿವಿ ಹೋಗಿರೋದು?" ಎಂದು ಭಾವ ಗರ್ಜಿಸಿದರು.

"ನಂಗೇ ಭಾವ" ಎಂದೆ.

ಅಕ್ಕ ಗುಜರಿಯವನಿಗೆ, "ಇಲ್ಲೇನೂ ಇಲ್ಲಪ್ಪ, ಚಾ ಕುಡ್ದು ಹೋಗು" ಎಂದು ಒಳಗೆ ಹೋದಳು. ನಾನೂ ಹಿಂದೆಯೇ ಹೋದೆ.

"ಅಕ್ಕಾ, ಹದಕ್ಕೆ ಬಂದಿದ್ದು ನಿಂಗೆ ಹೆಂಗ್ ಗೊತ್ತಾತು?"

"ಸಂಜೆ ಮುಂದೆ ಏರಿ ಮೇಲೆ ಆ ಸದ್ದು ಬರ್ಲಿ ಅಂತ ದಿನಾ ಬಾಗ್ಲಾಗೆ ಕುಂತೋಳು ನಾನಲ್ಲೇನೋ? ಹಟ್ಟಿಗೆ ಹೋದೋರು ಬಂದ್ರು ಅಂತ ಖಾತ್ರಿ ಆದ್ಮೇಲೇನೇ ಮುದ್ದೆಗೆ ಎಸರಿಡ್ತಿದ್ದೆ. ನಂಗ್ ಗೊತ್ತಾಗ್ದೆ ಇನ್ಯಾರಿಗೆ ಗೊತ್ತಾಗ್ಬೇಕು?"

"ಮತ್ತೆ ಗುಜರಿಗೆ ಹಾಕ್ರಿ ಅಂತ ದಿನಾ ಬಯ್ತಿದ್ದೆ!"

"ಬಯ್ಯೋದು ಬ್ಯಾರೆ" ಎಂದಳು. ಚಾ ಸೋಸಿ ಲೋಟ ಕೈಗಿಟ್ಟಳು. "ಅವರ ಕಿವಿ ಹೋದ್ರೆ ಏನಾತು ಬಿಡೋ, ನಂದೈತಲ್ಲ."

ಆಮೇಲೆ ಭಾವ ನನ್ನನ್ನು ಹಿಂದೆ ಕೂರಿಸಿಕೊಂಡು ಏರಿಯ ಮೇಲೆ ಒಂದು ಸುತ್ತು ಹೊರಟರು. ಹಿಂದೆ ಕುಳಿತು ನಾನು ಅತ್ತುಬಿಟ್ಟೆ. ಜೋರಾಗಿಯೇ ಅತ್ತೆ. ಭಾವನಿಗೆ ಕೇಳಿಸುವ ಭಯವೇನೂ ಇರಲಿಲ್ಲ.