ಉಪ್ಪಿನ ದಾರಿಯಲ್ಲಿ ಬಂದ ಲಿಥಿಯಂ

ಮದುವೆಯಾದ ಗಂಡಸರೆಲ್ಲ ಊಟದ ಹೊತ್ತಿಗೆ ದಿನಕ್ಕೊಂದು ಸುಳ್ಳು ಹೇಳುತ್ತಾರೆಂಬುದು ನನ್ನ ನಂಬಿಕೆ. ಹೆಂಡತಿ ‘ಸಾರಿಗೆ ಉಪ್ಪು ಸಾಕಾ?’ ಎನ್ನುತ್ತಾಳೆ. ಸಾರನ್ನು ಇನ್ನೂ ಬಾಯಿಗೇ ಇಡದೆ, ಪೇಪರಿನಿಂದ ಕಣ್ಣು ತೆಗೆಯದೆ ನಾವು ‘ಹೂಂ’ ಎನ್ನುತ್ತೇವೆ. ಇದರಿಂದ ಯಾರಿಗೂ ನಷ್ಟವಿಲ್ಲ ಎಂದೇ ತಿಳಿದಿದ್ದೆ, ಲಿಥಿಯಂ ಮಾತ್ರೆ ನುಂಗಲು ಶುರುಮಾಡುವವರೆಗೆ.

ನಾನು ಭದ್ರಾವತಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು; ಮನೆ ಶಿವಮೊಗ್ಗದ ವಿನೋಬನಗರದಲ್ಲಿ. ತೊಂಬತ್ತರ ದಶಕದಲ್ಲಿ ಒಮ್ಮೆ ನನಗೆ ನಿದ್ದೆಯೇ ಬೇಡವಾಯಿತು. ಸಂಜೆಯ ಬಸ್ಸಿನಲ್ಲಿ ಎದ್ದು ನಿಂತು ಭದ್ರಾವತಿಯಿಂದ ಶಿವಮೊಗ್ಗದವರೆಗೂ ಪ್ರಯಾಣಿಕರಿಗೆ ಪರಮಾಣು ರಚನೆಯ ಪಾಠ ಮಾಡಿದೆ. ಫ್ಯಾಕ್ಟರಿಯ ಪಾಳಿ ಮುಗಿಸಿ ತೂಕಡಿಸುತ್ತಿದ್ದವರು, ಪಾಪ, ನನ್ನ ವಿದ್ಯಾರ್ಥಿಗಳಿಗಿಂತ ಶಾಂತವಾಗಿ ಕೇಳಿದರು. ಆಮೇಲೆ ಬಂದದ್ದು ಗೋಡೆಗೆ ಮುಖ ಮಾಡಿ ಮಲಗುವ ಕಾಲ. ಹೆಂಡತಿ ಸರೋಜ ಪಕ್ಕದಲ್ಲಿ ಕೂತು ಹುರುಳೀಕಾಯಿಯ ನಾರು ತೆಗೆಯುತ್ತ, ಉತ್ತರ ಬರುವುದಿಲ್ಲವೆಂದು ಗೊತ್ತಿದ್ದೂ ನನ್ನೊಡನೆ ಮಾತಾಡುತ್ತಿದ್ದಳು. ನನ್ನನ್ನು ಎಬ್ಬಿಸಿದ್ದು ಮನಸ್ಸಿನ ಈ ಏರಿಳಿತಕ್ಕೆಂದು ಕೊಟ್ಟ ಲಿಥಿಯಂ ಮಾತ್ರೆ ಎನ್ನುತ್ತಾರೆ ಡಾಕ್ಟರು. ಅರ್ಧ ಪಾಲು ಅವಳದು ಎನ್ನುತ್ತೇನೆ ನಾನು.

ನಾನು ಗುಣವಾದ ಮೇಲೆ ಅವಳು ಹರಕೆ ತೀರಿಸಲು ಹೊರಟಳು: ಕಾರ್ತಿಕ ಮಾಸ ಪೂರ್ತಿ ಉಪ್ಪಿಲ್ಲದ ಊಟ. ನನಗಾಗಿ ಅವಳು ಸಪ್ಪೆ ಉಣ್ಣುವಾಗ ಎದುರಿಗೆ ಕೂತು ನಾನು ಹಪ್ಪಳ ಕಡಿಯುವುದೇ? ‘ನಾನೂ ಉಪ್ಪು ಬಿಡ್ತೀನಿ ಮಾರಾಯ್ತಿ’ ಎಂದೆ. ಅವಳ ಕಣ್ಣು ತುಂಬಿತು. ತಿಂಗಳು ಅರ್ಧ ಕಳೆಯುವಷ್ಟರಲ್ಲಿ ನನ್ನ ಕೈ ನಡುಗತೊಡಗಿತು. ಬೋರ್ಡಿನ ಮೇಲೆ ನೆಟ್ಟಗೆ ಎಳೆದ ಗೆರೆ ಆಗುಂಬೆ ಘಾಟಿಯಾಗುತ್ತಿತ್ತು. ಹೊಟ್ಟೆ ತೊಳಸಿತು, ಕಾಲು ತೂರಾಡಿತು. ‘ದೇವರು ಪರೀಕ್ಷೆ ಮಾಡ್ತಿದಾನೆ’ ಎಂದು ಸರೋಜ, ಅಲ್ಲಿಯವರೆಗೆ ನನ್ನ ಮಜ್ಜಿಗೆಗೆ ಗುಟ್ಟಾಗಿ ಹಾಕುತ್ತಿದ್ದ ಚಿಟಿಕೆ ಸೈಂಧವ ಲವಣವನ್ನೂ ನಿಲ್ಲಿಸಿದಳು.

ಕೊನೆಗೆ ಡಾಕ್ಟರ ಹತ್ತಿರ ಹೋದೆವು. ಹರಕೆಯ ಕಥೆ ಕೇಳಿದ್ದೇ ಅವರು ರಕ್ತಪರೀಕ್ಷೆ ಮಾಡಿಸಿದರು. ಲಿಥಿಯಂ ಮಿತಿ ಮೀರಿತ್ತು.

‘ಮೇಷ್ಟ್ರೇ, ನಿಮ್ಮ ಆವರ್ತಕ ಕೋಷ್ಟಕದಲ್ಲಿ ಲಿಥಿಯಂ ಕೆಳಗಿನ ಮನೆ ಯಾರದ್ದು?’

‘ಸೋಡಿಯಂದು’ ಎಂದೆ, ಮೊದಲ ಬೆಂಚಿನ ಹುಡುಗನಂತೆ.

‘ಒಂದೇ ಮನೆತನ ಅಲ್ವಾ? ಮೆದುಳಿನ ಕೋಶದಲ್ಲಿ ಸೋಡಿಯಂ ಒಳಗೆ ಹೋಗೋ ಬಾಗಿಲಲ್ಲೇ ಲಿಥಿಯಂ ಕೂಡ ನುಗ್ಗುತ್ತೆ. ಸೋಡಿಯಂನ ಹೊರಗೆ ದಬ್ಬೋ ಪಂಪಿದೆ. ಅದಕ್ಕೆ ಲಿಥಿಯಂನ ಹಂಗೆ ದಬ್ಬಕ್ಕೆ ಬರಲ್ಲ, ನೆಂಟ ಉಳ್ಕೊಂಡ್ಬಿಡ್ತಾನೆ. ನೀವು ಉಪ್ಪು ಬಿಟ್ರಿ. ಕಿಡ್ನಿ ಗಾಬರಿಯಾಗಿ, ಸೋಡಿಯಂ ಬಿಡಬಾರದು ಅಂತ ಅದರ ಜೊತೆ ಲಿಥಿಯಂನೂ ಹಿಡಿದಿಟ್ಕೊಳ್ತು.’

ಅವೆರಡೂ ಒಂದೇ ಗುಂಪಿನವು ಎಂದು ಪ್ರತಿ ವರ್ಷ ಪಾಠ ಮಾಡುವವನು ನಾನೇ. ದೀಪದ ಬುಡದಲ್ಲಿ ಕತ್ತಲೆ ಎಂದರೆ ಇದೇ ಇರಬೇಕು.

ಸರೋಜಳ ಮುಖ ಸಣ್ಣಗಾಯಿತು. ‘ನನ್ನ ಹರಕೆಯಿಂದ್ಲೇ ಹಿಂಗಾಯ್ತಾ? ಈಗ ಮಾತ್ರೆ ನಿಲ್ಸಿದ್ರೆ, ಇವರು ಮತ್ತೆ ಗೋಡೆ ಕಡೆ ತಿರುಗಿ ಮಲಗಿಬಿಟ್ರೆ?’ ನನಗೂ ಅದೇ ಭಯವಿತ್ತು; ಕೇಳುವ ಧೈರ್ಯ ಅವಳಿಗಿತ್ತು. ‘ಸ್ವಲ್ಪ ದಿನ ನಿಲ್ಸಿ, ರಕ್ತ ನೋಡಿ ಮತ್ತೆ ಶುರು ಮಾಡೋಣ’ ಎಂದರು ಡಾಕ್ಟರು. ‘ಇವರ ಊಟದಲ್ಲಿ ಉಪ್ಪು ದಿನಾ ಒಂದೇ ಹದದಲ್ಲಿರಲಿ, ಅಷ್ಟೇ.’

ಹರಕೆಯನ್ನು ಅವಳೊಬ್ಬಳೇ ಮುಂದುವರಿಸಿದಳು. ನನ್ನ ಸಾರನ್ನು ಅವಳು ರುಚಿ ನೋಡುವಂತಿರಲಿಲ್ಲ. ‘ಉಪ್ಪು ಸಾಕಾ?’ ಎಂಬ ಪ್ರಶ್ನೆಗೆ ಮೊದಲ ಬಾರಿ ಪೇಪರು ಮಡಚಿ, ಸಾರು ಬಾಯಿಗಿಟ್ಟು, ಯೋಚಿಸಿ ಉತ್ತರ ಹೇಳತೊಡಗಿದೆ. ಮಾತ್ರೆಯೂ ಮರಳಿ ಬಂತು, ಗೆರೆಯೂ ನೆಟ್ಟಗಾಯಿತು.

ಕಾರ್ತಿಕ ಮುಗಿದ ದಿನ ಇಬ್ಬರೂ ಒಟ್ಟಿಗೆ ಊಟಕ್ಕೆ ಕೂತೆವು. ‘ಉಪ್ಪು ಸಾಕೇನ್ರೀ?’ ಎಂದಳು. ತಿಂಗಳಿಡೀ ನನಗಾಗಿ ಸಪ್ಪೆ ಉಂಡವಳ ಮುಖ ನೋಡಿದೆ. ‘ಹದವಾಗಿದೆ’ ಎಂದೆ.

ಅವಳು ಒಂದು ತುತ್ತು ಬಾಯಿಗಿಟ್ಟು ಎದ್ದುಹೋದಳು. ಉಪ್ಪಿನ ಭರಣಿ ತಂದು ನನ್ನ ತಟ್ಟೆಯ ಪಕ್ಕ ಇಟ್ಟಳು. ‘ಅಭ್ಯಾಸಬಲ, ಉಪ್ಪೇ ಹಾಕಿಲ್ಲ ಮಾರಾಯ್ರೆ. ನನ್ನ ಮೇಲಿನ ಪ್ರೀತಿಗೆ ಸುಳ್ಳು ಹೇಳ್ಬೇಡಿ. ನಿಮ್ಮನ್ನ ಇನ್ನೊಂದು ಸಲ ಕಳ್ಕೊಳ್ಳಕ್ಕೆ ನನ್ನ ಕೈಲಾಗಲ್ಲ.’

ನನ್ನ ರಕ್ತದಲ್ಲಿ ಲಿಥಿಯಂ ಎಷ್ಟಿದೆಯೆಂದು ಡಾಕ್ಟರು ಆಗಾಗ ನೋಡುತ್ತಾರೆ. ಸುಳ್ಳು ಎಷ್ಟಿದೆಯೆಂದು ಸರೋಜ ಎರಡು ಹೊತ್ತೂ ನೋಡುತ್ತಾಳೆ. ಅವಳ ಪರೀಕ್ಷೆಯಲ್ಲಿ ನಾನಿನ್ನೂ ಪೂರ್ತಿ ಪಾಸಾಗಿಲ್ಲ.